ಸಿಂಧ್‌ನ ಸಮ್ಮಾಗಳು ಯಾರು? ಕೃಷ್ಣನ ವಂಶನಾ, ಅರಬ್ಬರಾ, ಅಲ್ಲೇ ಹುಟ್ಟಿ ಬೆಳೆದವರಾ?

ಗಂಡಭೇರುಂಡ_77
ಒಂದು ಡೌಟು, ಇತಿಹಾಸ ಗೊತ್ತಿರೋರು ಬಿಡಿಸಿ ಹೇಳಿ. ಜಾಮ್‌ನಗರದ ರಾಜಮನೆತನ ಜಡೇಜಾ ರಜಪೂತರದ್ದು ಅಂತ ಗೊತ್ತಿತ್ತು. ಆದ್ರೆ ಈ ಜಡೇಜಾಗಳು ಮೂಲದಲ್ಲಿ ಸಿಂಧ್‌ನ ಸಮ್ಮಾ ಅನ್ನೋ ಬುಡಕಟ್ಟಿನ ಒಂದು ಕವಲಂತೆ. ಅದೇ ಬುಡಕಟ್ಟಿನ ಇನ್ನೊಂದು ಕವಲು ಮುಸ್ಲಿಮರಾಗಿ ಥಟ್ಟಾ ಅನ್ನೋ ಊರಲ್ಲಿ ಕೂತು ಹದಿನಾಲ್ಕನೇ ಶತಮಾನದ ಮಧ್ಯದಿಂದ ಹದಿನಾರನೇ ಶತಮಾನದ ಶುರುವರೆಗೆ ಸಿಂಧ್ ಆಳ್ತಂತೆ. ಎರಡೂ ಕಡೆಯವರು ಇಟ್ಕೊಂಡ ಬಿರುದು ಒಂದೇ, ಜಾಮ್. ಇಲ್ಲಿವರೆಗೆ ಸರಿ. ತಲೆ ಕೆಡೋದು ಮೂಲದ ವಿಷಯಕ್ಕೆ ಬಂದಾಗ. ಕಛ್‌ನವರು ಕೃಷ್ಣನ ಮಗ ಸಾಂಬನ ವಂಶ ನಮ್ದು ಅಂತಾರೆ, ಪರ್ಷಿಯನ್ ಪುಸ್ತಕಗಳಲ್ಲಿ ಇರಾನಿನ ಜಮ್‌ಶೀದ್ ರಾಜನ ವಂಶ ಅಂತ ಇದೆ, ಅರಬ್ ಮೂಲ ಅಂತಲೂ ಇದೆ. ಒಂದೇ ಕುಲಕ್ಕೆ ಮೂರು ಮೂಲಪುರುಷರಾ? ಯಾರದ್ದು ನಿಜ?

ಮಾಣಿ_ಕುಂದಾಪ್ರ
ಮೂರೂ ಅಲ್ಲ ಮಾರಾಯ್ರೆ. ಥ್ರೆಡ್ ಕ್ಲೋಸ್ ಮಾಡಿ 😄

ಶಾಸನಪ್ರಿಯ
ಮಾಣಿ ತಮಾಷೆಗೆ ಹೇಳಿದ್ರೂ ವಿಷಯ ಹೆಚ್ಚುಕಮ್ಮಿ ಅಷ್ಟೇ. ನಮ್ಮ ಕಡೆನೇ ನೋಡಿ. ಹೊಯ್ಸಳರು ಮಲೆನಾಡಿನ ಅಂಗಡಿ ಅನ್ನೋ ಊರಿನ ಕಡೆಯಿಂದ ಬಂದ ಮಲೆಪರು, ಆದ್ರೆ ಕೈಗೆ ರಾಜ್ಯ ಸಿಕ್ಕಿದ ಮೇಲೆ ಶಾಸನಗಳಲ್ಲಿ ಏನಂತ ಬರೆಸಿಕೊಂಡ್ರು? ಯಾದವಕುಲಾಂಬರದ್ಯುಮಣಿ, ದ್ವಾರಾವತೀಪುರವರಾಧೀಶ್ವರ. ಅತ್ತ ದೇವಗಿರಿಯ ಸೇವುಣರದ್ದೂ ಅದೇ ದ್ವಾರಾವತಿ. ಮೈಸೂರು ಒಡೆಯರ ಕಥೆಯಲ್ಲೂ ಯದುರಾಯ ಕೃಷ್ಣರಾಯ ಅಣ್ಣತಮ್ಮಂದಿರು 1399ರಲ್ಲಿ ದ್ವಾರಕೆಯಿಂದಲೇ ಬರ್ತಾರೆ. ಇವರೆಲ್ಲಾ ಸೇರಿದ್ರೆ ದ್ವಾರಕೆಯಲ್ಲಿ ಒಬ್ಬನೂ ಉಳಿದಿರ್ತಿರಲಿಲ್ಲ. ಕುಲದ ಕೈಗೆ ಅಧಿಕಾರ ಬಂದ ಮೇಲೆ ಭಟ್ಟರೋ, ಹೊಗಳಿ ಹಾಡೋ ಚಾರಣರೋ, ಆಸ್ಥಾನದ ಬರಹಗಾರ ಮುನ್ಶಿಗಳೋ ಕೂತು ಬರೆಯೋದು ವಂಶಾವಳಿ. ಸಮ್ಮಾಗಳ ವಿಶೇಷ ಏನಪ್ಪಾ ಅಂದ್ರೆ ಒಂದು ಕವಲು ಚಾರಣರ ಕೈಲಿ ಬರೆಸ್ತು, ಇನ್ನೊಂದು ಪರ್ಷಿಯನ್ ಮುನ್ಶಿಗಳ ಕೈಲಿ. ಅದಕ್ಕೇ ಒಂದು ಕಡೆ ಕೃಷ್ಣ, ಇನ್ನೊಂದು ಕಡೆ ಜಮ್‌ಶೀದ್.

ಯದುನಂದನ_ಮೈಸೂರು
ಎಲ್ಲಾದಕ್ಕೂ "ಬರೆಸಿಕೊಂಡ್ರು" ಅನ್ನೋದು ಈಗ ಫ್ಯಾಷನ್ ಆಗಿಬಿಟ್ಟಿದೆ. ಅಂಗಡಿಯಿಂದ ದ್ವಾರಕೆಗೆ ನೂರಾರು ಮೈಲಿ, ಒಪ್ಕೋತೀನಿ. ಆದ್ರೆ ಕಛ್‌ಗೂ ದ್ವಾರಕೆಗೂ ನಡುವೆ ಇರೋದು ಒಂದು ಕೊಲ್ಲಿ ಅಷ್ಟೇ ಸ್ವಾಮಿ. ಅಲ್ಲಿನ ಜನಕ್ಕೆ ಯಾದವ ಮೂಲದ ನೆನಪು ಇರಬಾರದು ಅಂತ ಏನಿದೆ? ಜೈಸಲ್ಮೇರ್ ಭಾಟಿಗಳೂ ಯಾದವರೇ ಅಂತಾರೆ, ಜುನಾಗಢದ ಚುಡಾಸಮಾಗಳೂ ಅಂತಾರೆ. ಇಷ್ಟು ಜನ ಅಕ್ಕಪಕ್ಕದವರು ಒಂದೇ ಮಾತು ಹೇಳೋವಾಗ ಪೂರ್ತಿ ಕಟ್ಟುಕಥೆ ಅಂತ ಹೆಂಗೆ ತಳ್ಳಿ ಹಾಕ್ತೀರಿ.

ಶಾಸನಪ್ರಿಯ
ಅಕ್ಕಪಕ್ಕದವರು ಒಂದೇ ಮಾತು ಹೇಳೋದು ಅವರವರ ನಡುವೆ ಮದುವೆ ಆಗಬೇಕಾದ್ದರಿಂದ. ಹೆಣ್ಣು ಕೊಡೋ ಮುಂಚೆ ಚಂದ್ರವಂಶನೋ ಸೂರ್ಯವಂಶನೋ ಕೇಳ್ತಾರಲ್ಲ. ಅಂದಹಾಗೆ ಚುಡಾಸಮಾಗಳನ್ನೂ ಸಮ್ಮಾ ಮೂಲದವರು ಅಂತಲೇ ಹೇಳೋದು, ಹಾಗಾಗಿ ಅದು ಬೇರೆ ಸಾಕ್ಷಿ ಆಗಲ್ಲ, ಒಂದೇ ಮನೆಯವರು ಎರಡು ಸಲ ಸಹಿ ಹಾಕಿದ ಲೆಕ್ಕ.

ಧಾರವಾಡ_ಮಂದಿ
ಯಪ್ಪಾ ದೊಡ್ಡ ಜಗಳ ಹಚ್ಚೀರಲ್ರಿ. ಮೂಲಪುರುಷ ಯಾರು ಅಂತ ಬಿಡ್ರಿ, ಮೊದಲು ಈ ಮಂದಿ ಹೆಸರು ಎಲ್ಲಿ ಸಿಗ್ತದ ಅಂತ ನೋಡೂಣು. ಸಿಂಧ್‌ನ ಹಳೆ ಇತಿಹಾಸ ಹೇಳೂ ಚಚ್‌ನಾಮಾ ಅನ್ನೂ ಪುಸ್ತಕದಾಗ ಸಮ್ಮಾ ಬರ್ತಾರ. ಬ್ರಾಹ್ಮಣಾಬಾದ್ ಕಡೆ ಇದ್ದ ಲೋಹಾಣ ಅನ್ನೂ ಕುಲದವರ ಜೋಡಿ ಇವರ ಹೆಸರು ಅದ. ಅರಬ್ಬರು ಬರೂಕಿಂತ ಮುಂಚೆ ಸಿಂಧ್ ಆಳಿದ ಚಚ್ ರಾಜಾ ಅವರಿಗೆ ಹಾಕಿದ ಕಟ್ಟಳೆ ಓದಿದ್ರ ಸಿಟ್ಟು ಬರ್ತದ: ರೇಷ್ಮಿ ಉಡಬಾರದು, ಕುದುರಿ ಮ್ಯಾಲೆ ತಡಿ ಹಾಕಿ ಕೂಡಬಾರದು, ಬರಿಗಾಲ ಬರಿತಲಿಲೆ ಅಡ್ಡಾಡಬೇಕು, ಹೊರಗ ಹೋದ್ರ ನಾಯಿ ಜೋಡಿ ಇರಬೇಕು, ಅರಮನಿಗೆ ಕಟಗಿ ತಂದು ಹಾಕಬೇಕು. ಅಂದ್ರ ಕೃಷ್ಣನ ವಂಶದವರು, ಅರಬ್ ಸರದಾರರು ಅಂತ ಯಾರೂ ಅವಾಗ ಇವರಿಗೆ ಮರ್ಯಾದಿ ಕೊಟ್ಟಂಗ ಕಾಣಂಗಿಲ್ಲ. ದನಾ ಕುರಿ ಕಾಯೂ ಮಂದಿ, ನಾಡಿನ ಅಂಚಿನಾಗ ಇದ್ದವರು.

ಇನ್ನೊಂದು ಪ್ರಸಂಗ ಭಾಳ ಮಜಾ ಅದ. ಅರಬ್ ಸೇನಾಪತಿ ಮುಹಮ್ಮದ್ ಬಿನ್ ಕಾಸಿಂ 712ರ ಸುಮಾರಿಗೆ ಬಂದಾಗ ಸಮ್ಮಾ ಮಂದಿ ಡೊಳ್ಳು ಬಾರಿಸ್ಕೋತ ಕುಣಕೋತ ಎದುರಿಗೆ ಬಂದ್ರಂತ. ಇದೇನು ಗದ್ದಲ ಅಂತ ಕೇಳಿದ್ರ, ಹೊಸಾ ರಾಜಾ ಬಂದ್ರ ಹಿಂಗ ಮಾಡೂದು ನಮ್ಮ ಪದ್ಧತಿ ಅಂದ್ರು. ಖುರೈಮ್ ಅನ್ನೂ ಸರದಾರ ಏನೋ ಮಾತಾಡಿದ, ಕಾಸಿಂ ನಕ್ಕು ಹಂಗಾರ ನೀನ ಇವರಿಗೆ ಮುಖ್ಯಸ್ಥ ಆಗು ಅಂದ, ಅವ ಕುಣದವರಿಗೆ 20 ಬಂಗಾರದ ದೀನಾರ್ ಕೊಟ್ಟ.

ಕಾಫಿಪುಡಿ
ಯಾರ್ ಬಂದ್ರೂ ಡೊಳ್ಳು. ಪ್ರಾಕ್ಟಿಕಲ್ ಜನ ಬಿಡಿ.

ಲಾ_ಪಾಯಿಂಟ್_ಲೋಕೇಶ
ಧಾರವಾಡದವರೇ ಒಂದು ಎಚ್ಚರಿಕೆ. ಚಚ್‌ನಾಮಾ ಈಗ ನಮ್ಮ ಕೈಲಿರೋದು ಅಲಿ ಕೂಫಿ ಅನ್ನೋನು 1216ರ ಸುಮಾರಿಗೆ ಉಚ್‌ನಲ್ಲಿ ಕೂತು ಪರ್ಷಿಯನ್‌ನಲ್ಲಿ ಬರೆದದ್ದು. ಅರಬ್ಬಿ ಮೂಲದಿಂದ ತಂದೆ ಅಂತ ಅವನೇ ಹೇಳ್ಕೊಂಡಿದ್ದಾನೆ. ಘಟನೆಗೂ ಪುಸ್ತಕಕ್ಕೂ ಐನೂರು ವರ್ಷ ಅಂತರ. ಆ ಡೊಳ್ಳಿನ ಕಥೆ ಎಂಟನೇ ಶತಮಾನದ್ದೋ ಹದಿಮೂರನೇ ಶತಮಾನದಲ್ಲಿ ಸಮ್ಮಾಗಳನ್ನ ನೋಡಿದ ಉಚ್‌ನವನ ಕಲ್ಪನೆನೋ ಅಂತ ಕೋರ್ಟಲ್ಲಿ ಕೇಳಿದ್ರೆ ಏನ್ ಉತ್ತರ ಕೊಡ್ತೀರಿ?

ಧಾರವಾಡ_ಮಂದಿ
ಕೋರ್ಟ್‌ನಾಗ ನೀವ ಗೆದ್ರಿ ಸರ. ಆದ್ರೂ ನನ್ನ ಮಾತು ಉಳೀತದ. 1216ರಾಗ ಬರದಂವಗೂ ಸಮ್ಮಾ ಅಂದ್ರ ಸಿಂಧ್‌ನ ಮಣ್ಣಿನ ಮಂದಿ, ಹೊರಗಿಂದ ಬಂದವರಲ್ಲ. ಅರಬ್ ಮೂಲದ ಕಥಿ ಅವಂಗ ಗೊತ್ತಿದ್ರ ಬರೀತಿದ್ದಿಲ್ಲೇನು? ಅವ ಇಡೀ ಪುಸ್ತಕ ಬರದದ್ದ ಅರಬ್ಬರ ಗೆಲುವಿನ ಮ್ಯಾಲೆ.

ಲಾ_ಪಾಯಿಂಟ್_ಲೋಕೇಶ
ಈ ಪಾಯಿಂಟ್ ಗಟ್ಟಿ. ಅರಬ್ ವಂಶದ ಮಾತು ಹೆಚ್ಚಾಗಿ ಕಾಣೋದು 18ನೇ ಶತಮಾನದಲ್ಲಿ ಥಟ್ಟಾದ ಮೀರ್ ಅಲಿ ಶೇರ್ ಕಾನೆ ಬರೆದಂಥ ತಡವಾದ ಪುಸ್ತಕಗಳಲ್ಲಿ. ಆಗ ಸಮ್ಮಾ ರಾಜ್ಯ ಹೋಗಿ ಇನ್ನೂರು ವರ್ಷ ದಾಟಿತ್ತು.

ಜಯನಗರ_4ನೇ_ಬ್ಲಾಕ್
ಸಿಂಧಿಗಳು ಅಂದ್ರೆ ಬಟ್ಟೆ ಅಂಗಡಿಯವರಲ್ವಾ? ಅವರಲ್ಲಿ ಬುಡಕಟ್ಟು ಎಲ್ಲಿಂದ ಬಂತು?

ಸಾಯಿಭಾಜಿ_ಬೆಂಗಳೂರು
ಬೆಂಗಳೂರಲ್ಲೇ ಹುಟ್ಟಿದ ಸಿಂಧಿ ನಾನು, ಆದ್ದರಿಂದ ಇದಕ್ಕೆ ನಾನೇ ಹೇಳ್ಬೇಕು. ಪಾರ್ಟಿಷನ್ ಆದ್ಮೇಲೆ ಭಾರತಕ್ಕೆ ಬಂದ ನಾವು ಹೆಚ್ಚಿನವರು ಹಿಂದೂಗಳು, ಅದರಲ್ಲೂ ಲೋಹಾಣಾ ಮೂಲದವರೇ ಜಾಸ್ತಿ. ಆಮಿಲ್ ಅಂದ್ರೆ ಸರ್ಕಾರಿ ಲೆಕ್ಕಪತ್ರ ನೋಡ್ತಿದ್ದವರು, ಭಾಯಿಬಂದ್ ಅಂದ್ರೆ ವ್ಯಾಪಾರಸ್ಥರು. ನಮ್ಮ ಹೆಸರಿನ ಕೊನೆಯ "ಆನಿ" ಯಾರೋ ಒಬ್ಬ ತಾತನ ಹೆಸರಿಗೆ ಅಂಟಿಸಿದ್ದು. ನೀವು ಬೆಂಗಳೂರಲ್ಲಿ ನೋಡಿರೋದು ನಮ್ಮನ್ನ. ಆದ್ರೆ ಸಿಂಧ್‌ನ ಹಳ್ಳಿ ತುಂಬಾ ಇದ್ದದ್ದು, ಈಗಲೂ ಇರೋದು ಮುಸ್ಲಿಂ ಸಿಂಧಿ ಕುಲಗಳು: ಸಮ್ಮಾ, ಸೂಮ್ರೋ, ಉನರ್, ಅಬ್ರೋ, ಸಮೇಜೋ, ಪಲೀಜೋ. ಇದ್ರಲ್ಲಿ ಸುಮಾರು ಹೆಸರು ಸಮ್ಮಾದ್ದೇ ಒಳಗವಲು. ಪಾಕಿಸ್ತಾನದಲ್ಲಿ 1985ರಿಂದ 88ರವರೆಗೆ ಪ್ರಧಾನಿ ಆಗಿದ್ದ ಮುಹಮ್ಮದ್ ಖಾನ್ ಜುನೇಜೋ ಇದ್ರಲ್ಲ, ಆ ಜುನೇಜೋಗಳನ್ನೂ ಸಮ್ಮಾ ಲೆಕ್ಕಕ್ಕೇ ಸೇರಿಸ್ತಾರೆ.

ಚಚ್‌ನಾಮಾದಲ್ಲಿ ಲೋಹಾಣರನ್ನೂ ಸಮ್ಮಾಗಳನ್ನೂ ಒಟ್ಟಿಗೆ ಹೇಳಿರೋದು ನೋಡಿ ನಮ್ಮನೇಲಿ ಎಲ್ಲರಿಗೂ ಆಶ್ಚರ್ಯ. ಸಾವಿರ ವರ್ಷದಲ್ಲಿ ಒಬ್ಬರು ಅಂಗಡಿ ಇಟ್ರು, ಇನ್ನೊಬ್ಬರು ಸಿಂಹಾಸನ ಹತ್ತಿದ್ರು.

ಜಯನಗರ_4ನೇ_ಬ್ಲಾಕ್
ಓ ಹಂಗಾ. ಥ್ಯಾಂಕ್ಸ್. ಆ ಹೆಸರಲ್ಲಿರೋ ಸಾಯಿಭಾಜಿ ಅಂದ್ರೇನು?

ಸಾಯಿಭಾಜಿ_ಬೆಂಗಳೂರು
ಪಾಲಕ್, ಕಡ್ಲೆಬೇಳೆ, ತರಕಾರಿ ಎಲ್ಲಾ ಹಾಕಿ ಬೇಯ್ಸಿ ಮಸೆಯೋದು. ಭುಗಾ ಚಾವಲ್ ಜೊತೆ ತಿನ್ನಬೇಕು. ಥ್ರೆಡ್ ಹಾಳಾಗತ್ತೆ, ಬೇರೆ ಕಡೆ ಬರೀತೀನಿ.

ಗಂಡಭೇರುಂಡ_77
ಸರಿ, ಹಂಗಾದ್ರೆ ಅಂಚಿನ ಕುಲ ಸಿಂಹಾಸನಕ್ಕೆ ಬಂದಿದ್ದು ಹೆಂಗೆ? ಅವರಿಗಿಂತ ಮುಂಚೆ ಸೂಮ್ರಾಗಳು ಇದ್ರಲ್ಲ?

ಕೋಟೆ_ಕೊತ್ತಲ
ಹೌದು, ಹನ್ನೊಂದನೇ ಶತಮಾನದಿಂದ ಸೂಮ್ರಾಗಳದ್ದೇ ಕಾರುಬಾರು, ಅವರೂ ಸ್ಥಳೀಯ ಕುಲನೇ. ಸಮ್ಮಾಗಳು ಸಿಂಧೂ ನದಿಯ ಕೆಳಭಾಗದಲ್ಲಿ ಅವರ ಕೈಕೆಳಗೆ ಇದ್ದವರು. ನದಿ ಪಾತ್ರ ಬದಲಾಯಿಸ್ತಾ ಇರೋ ಜಾಗ ಅದು, ಇವತ್ತು ನೀರಿದ್ದಲ್ಲಿ ನಾಳೆ ಮರಳು. ದನ ಹೊಡ್ಕೊಂಡು ತಿರುಗೋ ಕುಲಕ್ಕೆ ಅಂಥಾ ಜಾಗ ತೊಂದರೆ ಅಲ್ಲ, ಕೋಟೆ ಕಟ್ಟಿ ಕೂತವನಿಗೆ ತೊಂದರೆ. ಅತ್ತ ದೆಹಲಿಯವರು ಸೂಮ್ರಾಗಳನ್ನ ಬಿಡದೆ ಕಾಡ್ತಾ ಇದ್ರು. ಈ ಗ್ಯಾಪಲ್ಲಿ ಸಮ್ಮಾಗಳು ಎದ್ರು. ಮಕ್ಲಿ ಗುಡ್ಡದ ಹತ್ತಿರ ಸಾಮೂಯಿ ಅನ್ನೋದು ಅವರ ಮೊದಲ ರಾಜಧಾನಿ, ಆಮೇಲೆ ಥಟ್ಟಾ.

ತುಘಲಕ್ ಅಂದ್ರೆ ನಮಗೆ ದೌಲತಾಬಾದು, ತೊಗಲಿನ ನಾಣ್ಯ ಇಷ್ಟೇ ನೆನಪು. ಆ ಮುಹಮ್ಮದ್ ತುಘಲಕ್ ಸತ್ತಿದ್ದು ಎಲ್ಲಿ ಗೊತ್ತಾ? 1351ರ ಮಾರ್ಚ್‌ನಲ್ಲಿ, ಥಟ್ಟಾ ಹತ್ತಿರ, ಸಿಂಧೂ ದಡದಲ್ಲಿ. ತಗಿ ಅನ್ನೋ ದಂಗೆಕೋರ ಗುಜರಾತಿಂದ ಓಡಿಬಂದು ಥಟ್ಟಾದವರ ಆಶ್ರಯ ಪಡೆದಿದ್ದ, ಅವನನ್ನ ಹಿಡಿಯೋಕೆ ಬಂದು ಸುಲ್ತಾನನೇ ಜ್ವರ ಬಂದು ಹೋದ. ಉಪವಾಸ ಬಿಟ್ಟಮೇಲೆ ಮೀನು ತಿಂದು ಕಾಯಿಲೆ ಜಾಸ್ತಿ ಆಯ್ತು ಅಂತ ಆ ಕಾಲದ ಇತಿಹಾಸಕಾರ ಬರನಿ ಬರೀತಾನೆ.

ಶಿವಮೊಗ್ಗ_ಸುಬ್ಬಿ
ತೊಗಲಿನ ನಾಣ್ಯ ಅಲ್ಲ ಸರ್, ತಾಮ್ರ ಹಿತ್ತಾಳೆದು. ತೊಗಲಿನದ್ದು ಜನ ಕಟ್ಟಿದ ಮಾತು.

ಕಾಫಿಪುಡಿ
ಮೀನು ತಿಂದು ಸತ್ತ ಅಂತ ಕುಂದಾಪ್ರದವರ ಎದುರು ಹೇಳ್ಬೇಡಿ.

ಮಾಣಿ_ಕುಂದಾಪ್ರ
ಸಿಂಧ್‌ನವರ ಪಲ್ಲಾ ಮೀನು ಇರ್ಬೇಕು, ತುಂಬಾ ಮುಳ್ಳು ಅದ್ರಲ್ಲಿ. ನಮ್ಮ ಬಂಗುಡೆ ಆಗಿದ್ರೆ ಬದುಕ್ತಿದ್ದ 😂 ಕೋಟೆಯವರೇ ಮುಂದುವರಿಸಿ, ಚಂದ ಉಂಟು.

ಕೋಟೆ_ಕೊತ್ತಲ
ಮುಂದಿನದ್ದು ಇನ್ನೂ ಚಂದ. ಅವನಾದ ಮೇಲೆ ಸುಲ್ತಾನ ಆದ ಫಿರೋಜ್ ಶಾ ತುಘಲಕ್ ಸೇಡು ತೀರಿಸ್ಕೊಳ್ಳೋಕೆ 1365ರ ಸುಮಾರಿಗೆ ದೊಡ್ಡ ಸೈನ್ಯ ತಗೊಂಡು ಥಟ್ಟಾಕ್ಕೆ ಬಂದ. ಆಗ ಅಲ್ಲಿ ಇದ್ದದ್ದು ಜಾಮ್ ಜೂನೋ ಮತ್ತೆ ಬಾನ್‌ಭಿನೋ. ಬರ, ಕುದುರೆಗಳಿಗೆ ರೋಗ, ಮುತ್ತಿಗೆ ಹಾಕಿದವರೇ ಹಸಿವಿಂದ ಒದ್ದಾಡಿದ್ರು. ಸರಿ, ಗುಜರಾತಿಗೆ ಹೋಗಿ ಸುಧಾರಿಸ್ಕೊಂಡು ಬರೋಣ ಅಂತ ಹೊರಟ್ರೆ ದಾರಿ ತೋರಿಸೋಕೆ ಬಂದವರು ಸೈನ್ಯನ ಕಛ್‌ನ ರಣಕ್ಕೆ ನುಗ್ಗಿಸಿಬಿಟ್ರು. ಸುತ್ತ ಉಪ್ಪು, ಕುಡಿಯೋಕೆ ನೀರಿಲ್ಲ. ತಿಂಗಳುಗಟ್ಟಲೆ ಸುಲ್ತಾನ ಎಲ್ಲಿದ್ದಾನೆ ಅಂತ ದೆಹಲಿಗೆ ಸುದ್ದಿನೇ ಇಲ್ಲ. ಅಲ್ಲಿ ವಜೀರ ಖಾನ್ ಜಹಾನ್ ಜನ ದಂಗೆ ಎದ್ದಾರು ಅಂತ ಸುಲ್ತಾನ ಬರೆದ ಹಾಗೆ ಒಂದು ಪತ್ರ ತಾನೇ ಬರೆಸಿ ಊರಿಗೆಲ್ಲಾ ಓದಿ ಹೇಳಿಸಿದನಂತೆ! ಇದನ್ನ ಹೇಳೋನು ಅಫೀಫ್, ಸುಲ್ತಾನನ ಕಡೆಯ ಇತಿಹಾಸಕಾರನೇ.

ಇತ್ತ ಥಟ್ಟಾ ಜನ ಹಾಡು ಕಟ್ಟಿದ್ರು, ತಮ್ಮ ಸಂತ ಪೀರ್ ಪಟ್ಠೋ ದಯೆಯಿಂದ ಒಬ್ಬ ಸತ್ತ ಇನ್ನೊಬ್ಬ ಓಡಿದ ಅಂತ. ಅದನ್ನೂ ಅಫೀಫ್ ಬರೆದಿಟ್ಟಿದ್ದಾನೆ. ಆಮೇಲೆ 1367ರಲ್ಲಿ ಫಿರೋಜ್ ಪೈರು ಕಟಾವಿಗೆ ಬರೋ ಹೊತ್ತು ನೋಡ್ಕೊಂಡು ವಾಪಸ್ ಬಂದು ಧಾನ್ಯ ಎಲ್ಲಾ ಹಿಡ್ಕೊಂಡ, ಊರು ಶರಣಾಯ್ತು, ಜಾಮ್‌ನನ್ನೂ ಬಾನ್‌ಭಿನೋನನ್ನೂ ದೆಹಲಿಗೆ ಕರ್ಕೊಂಡು ಹೋದ. ಆದ್ರೂ ಸಮ್ಮಾ ರಾಜ್ಯ ಹೋಗಲಿಲ್ಲ. ದೆಹಲಿ ಸಡಿಲ ಆದಹಾಗೆ ಇವರು ಗಟ್ಟಿ ಆದ್ರು.

ಯದುನಂದನ_ಮೈಸೂರು
ಈ ಜೂನೋ, ಬಾನ್‌ಭಿನೋ, ತಮಾಚಿ, ಉನರ್ ಅನ್ನೋ ಹೆಸರುಗಳನ್ನೇ ನೋಡಿ. ಒಂದಾದ್ರೂ ಅರಬ್ಬಿ ಹೆಸರಾ? ನಾನು ಹೇಳಿದ್ದು ಇದೇ, ಇವರು ಇಲ್ಲಿಯವರು.

ಶಾಸನಪ್ರಿಯ
ಇಲ್ಲಿಯವರು ಅನ್ನೋದಕ್ಕೆ ನನ್ನ ತಕರಾರೇ ಇಲ್ಲ! ಇಲ್ಲಿಯವರು ಅಂದ ತಕ್ಷಣ ಸಾಂಬನ ವಂಶ ಆಗಲ್ಲ ಅನ್ನೋದಷ್ಟೇ. ಆದ್ರೆ ಹೆಸರಿನ ಬಗ್ಗೆ ನೀವು ಹೇಳಿದ್ದು ಒಳ್ಳೇ ಮಾತು. ರಾಜರ ಪಟ್ಟಿ ಮೇಲಿಂದ ಕೆಳಗೆ ಓದಿದ್ರೆ ಮೊದಲು ಉನರ್, ಜೂನೋ, ತಮಾಚಿ, ಬರ್ತಾ ಬರ್ತಾ ಸಲಾಹುದ್ದೀನ್, ಸಿಕಂದರ್, ನಿಜಾಮುದ್ದೀನ್. ಆ ನಿಜಾಮುದ್ದೀನನನ್ನೂ ಜನ ಕರೆದಿದ್ದು ಜಾಮ್ ನಿಂದೋ ಅಂತ. ಒಂದು ದಿನದಲ್ಲಿ ಆದ ಮತಾಂತರ ಅಲ್ಲ ಇದು. ಮುಲ್ತಾನಿನ ಸುಹ್ರವರ್ದಿ ಸೂಫಿಗಳ ಸಂಪರ್ಕದಲ್ಲಿ ತಲೆಮಾರುಗಟ್ಟಲೆ ನಿಧಾನಕ್ಕೆ ಆಗಿದ್ದು.

ಪುಸ್ತಕದ_ಹುಳು
ಇಬ್ನ್ ಬತೂತಾ 1333ರ ಸುಮಾರಿಗೆ ಸಿಂಧ್‌ಗೆ ಬಂದಾಗ ಅಲ್ಲಿ ಸಾಮಿರಾ ಅನ್ನೋ ಜನನ ನೋಡಿದೆ ಅಂತಾನೆ. ಅವರು ಯಾರ ಜೊತೆನೂ ಕೂತು ಉಣ್ಣಲ್ಲ, ಉಣ್ಣುವಾಗ ಬೇರೆಯವರು ನೋಡಬಾರದು, ಕುಲದ ಹೊರಗೆ ಮದುವೆ ಇಲ್ಲ. ಮುಸ್ಲಿಂ ಆದಮೇಲೂ ಉಳಿದ ಮಡಿ! ಸೆಹ್ವಾನ್‌ನಲ್ಲಿ ಉನಾರ್ ಅನ್ನೋ ಸರದಾರ ದೆಹಲಿ ಅಧಿಕಾರಿಯನ್ನ ಕೊಂದು ದಂಗೆ ಎದ್ದಿದ್ದ. ಅದಕ್ಕೆ ಶಿಕ್ಷೆಯಾಗಿ ಚರ್ಮ ಸುಲಿದು ಹುಲ್ಲು ತುಂಬಿ ಕೋಟೆ ಗೋಡೆಗೆ ನೇತುಹಾಕಿದ್ದ ಹೆಣಗಳು ಬತೂತಾ ಮಲಗ್ತಿದ್ದ ಮಾಳಿಗೆಯಿಂದ ಕಾಣ್ತಿದ್ವಂತೆ, ಪಾಪ ಅವನು ಜಾಗನೇ ಬದಲಾಯಿಸಿದ. ಈ ಉನಾರ್ ಸಮ್ಮಾನೇ.

ಲಾ_ಪಾಯಿಂಟ್_ಲೋಕೇಶ
ಸಮ್ಮಾನೇ ಅಂತ ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಬತೂತಾ ಅವನನ್ನೂ ಸಾಮಿರಿ ಅಂತಾನೆ, ಅದು ಸೂಮ್ರಾ ಅಂತ ಓದೋರೇ ಜಾಸ್ತಿ. ಉನರ್ ಹೆಸರು ಸಮ್ಮಾ ರಾಜರ ಪಟ್ಟಿಲಿ ಮೊದಲು ಬರೋದ್ರಿಂದ ಇವನೇ ಅವನು ಅಂತ ಹೇಳೋರೂ ಇದ್ದಾರೆ. ಕುಲದ ಗುರುತು ಒಬ್ಬರದ್ದು, ಹೆಸರು ಇನ್ನೊಬ್ಬರದ್ದು. ವಿದ್ವಾಂಸರು ಇನ್ನೂ ಕಿತ್ತಾಡ್ತಾ ಇದ್ದಾರೆ.

ಪುಸ್ತಕದ_ಹುಳು
ಹೆಸರು ಹೊಂದುತ್ತೆ, ಕಾಲ ಹೊಂದುತ್ತೆ, ಜಾಗ ಹೊಂದುತ್ತೆ. ನಾನಂತೂ ಸಮ್ಮಾ ಅಂತಲೇ ಓದೋದು.

ಬನಶಂಕರಿ_ಅಕ್ಕ
ರಾಜರ ಹೊಡೆದಾಟನೇ ಆಯ್ತು, ನೂರಿ ಕಥೆ ಯಾರೂ ಹೇಳ್ಲಿಲ್ವಲ್ಲ? ಜಾಮ್ ತಮಾಚಿ ಕೀಂಝರ್ ಕೆರೆಯ ಮೀನುಗಾರರ ಹುಡುಗಿ ನೂರಿನ ಮದುವೆ ಆಗಿ ಪಟ್ಟದರಾಣಿ ಮಾಡಿದ ಅಂತ ಕಥೆ. ಸಿಂಧಿ ಸೂಫಿ ಕವಿ ಶಾ ಅಬ್ದುಲ್ ಲತೀಫ್ ಅದನ್ನ ತಮ್ಮ ಕಾವ್ಯದ ಸುರ್ ಕಾಮೋದ್ ಅನ್ನೋ ಭಾಗದಲ್ಲಿ ಹಾಡಿದ್ದಾರೆ. ಸಿಂಧಿ ಪ್ರೇಮಕಥೆಗಳಲ್ಲಿ ಯಾರೂ ಸಾಯದೆ, ಅಗಲದೆ ಸುಖವಾಗಿ ಮುಗಿಯೋದು ಅಪರೂಪ, ಇದು ಅಂಥದ್ದು. ಲತೀಫರು ಅವಳ ಚೆಲುವನ್ನ ಅಷ್ಟು ಹೊಗಳಲ್ಲ, ಅವಳ ವಿನಯನ ಹೊಗಳ್ತಾರೆ. ಮೀನಿನ ವಾಸನೆ ಹೊತ್ತ ಅವಳ ಜನಕ್ಕೆಲ್ಲಾ ಜಾಮ್ ತೆರಿಗೆ ಮಾಫಿ ಮಾಡಿದ ಅಂತಲೂ ಬರತ್ತೆ. ಕೆರೆ ನಡುವೆ ನೂರಿ ಸಮಾಧಿ ಅಂತ ಇವತ್ತಿಗೂ ದೋಣಿಲಿ ಹೋಗ್ತಾರೆ. ಕರಾಚಿಗೆ ಕುಡಿಯೋ ನೀರು ಹೋಗೋದೂ ಆ ಕೆರೆಯಿಂದಲೇ.

ಸಾಯಿಭಾಜಿ_ಬೆಂಗಳೂರು
ಅಕ್ಕಾ ಸೂಪರ್. ನಮ್ಮಜ್ಜಿ ಈ ಬೈತ್‌ಗಳನ್ನ, ಅಂದ್ರೆ ಪದ್ಯಗಳನ್ನ, ಬಾಯಿಪಾಠ ಹೇಳ್ತಿದ್ರು. ಹಿಂದೂ ಸಿಂಧಿಗಳಿಗೂ ಶಾ ಲತೀಫ್ ಅಂದ್ರೆ ಮನೆ ಕವಿನೇ.

ಧಾರವಾಡ_ಮಂದಿ
ಮೂಲದ ಪ್ರಶ್ನೆಗೆ ಉತ್ತರ ಬೇಕಂದ್ರ ಪುಸ್ತಕಕ್ಕಿಂತ ಮಕ್ಲಿ ಗುಡ್ಡ ನೋಡ್ಬೇಕ್ರಿ. ಸುಮಾರು 10 ಚದರ ಕಿಲೋಮೀಟರ್ ಗೋರಿ ಸ್ಥಳ, ಲಕ್ಷಗಟ್ಟಲೆ ಗೋರಿ ಅದಾವ, 1981ರಾಗ ಯುನೆಸ್ಕೋ ಪಟ್ಟಿಗೆ ಸೇರ್ತು. ಅಲ್ಲಿ ಜಾಮ್ ನಿಜಾಮುದ್ದೀನಂದು ಕಲ್ಲಿನ ಗೋರಿ. ಇವ 1461ರಿಂದ 1508ರ ತನಕ ಆಳಿದಂವ, ಸಮ್ಮಾದಾಗ ಎಲ್ಲಾರಕಿಂತ ದೊಡ್ಡಂವ. ಗೋರಿಗೆ ಗುಮ್ಮಟ ಇಲ್ಲ, ಹಂಗ ಉಳದದ. ಚೌಕ ಕಟ್ಟಡ, ಸುತ್ತಲೂ ಪಟ್ಟಿ ಪಟ್ಟಿ ಕೆತ್ತನಿ: ಕಮಲ, ಅರಬ್ಬಿ ಅಕ್ಷರ, ಅದರ ನಡುವ ಒಂದು ಸಾಲು ಹಂಸ! ಪಶ್ಚಿಮದ ಗ್ವಾಡಿಗೆ ಮಿಹ್ರಾಬಿನ (ಮೆಕ್ಕಾ ದಿಕ್ಕು ತೋರ್ಸೂ ಗೂಡು) ಹಿಂಬದಿ ಹೊರಗ ಚಾಚಿದ ಝರೋಕಾ ಅದ ನೋಡ್ರಿ, ಗುಜರಾತಿನ ದೇವಸ್ಥಾನದಿಂದ ಎತ್ತಿ ತಂದಂಗ ಅನಸ್ತದ. ಕಟ್ಟಿದ ಶಿಲ್ಪಿಗಳಿಗೆ ಗುಜರಾತ್ ಕಛ್ ಕಡೆ ಕೆಲಸ ಗೊತ್ತಿತ್ತು. ನಮ್ಮ ವಿಜಾಪುರ, ಕಲಬುರ್ಗಿ ಕಟ್ಟಡ ನೋಡಿದವರಿಗೆ ಈ ಕಮಲ ಹೊಸಾದಲ್ಲ, ಹಂಸದ ಸಾಲು ಮಾತ್ರ ನಾ ಮುಸ್ಲಿಂ ಗೋರಿ ಮ್ಯಾಲೆ ಬ್ಯಾರೆ ಕಡೆ ನೋಡಿಲ್ಲ.

ಶಿವಮೊಗ್ಗ_ಸುಬ್ಬಿ
ನಿಜಾಮುದ್ದೀನನ ಕುದುರೆ ಲಾಯದ ಕಥೆ ಮರೀಬೇಡಿ. ವಾರಕ್ಕೊಂದ್ಸಲ ಲಾಯಕ್ಕೆ ಹೋಗಿ ಕುದುರೆಗಳ ಹಣೆ ಸವರಿ, ನಿಮ್ಮ ಮೇಲೆ ಕೂತು ಯುದ್ಧಕ್ಕೆ ಹೋಗೋ ದಿನ ಬರದೇ ಇರ್ಲಿ, ನಾಲ್ಕೂ ದಿಕ್ಕಿಗೂ ಮುಸ್ಲಿಂ ದೊರೆಗಳೇ ಇದ್ದಾರೆ, ಸುಮ್ನೆ ರಕ್ತ ಯಾಕೆ ಹರಿಸ್ಲಿ ಅಂತಿದ್ದನಂತೆ. ಸಿಂಧ್‌ನ ಇತಿಹಾಸಕಾರ ಮೀರ್ ಮಾಸೂಮ್ ಬರೆದಿದ್ದು.

ಕಾಫಿಪುಡಿ
ಅಂಥವನ ಮಗ ಏನಾದ?

ಕೋಟೆ_ಕೊತ್ತಲ
ಎಲ್ಲಾ ಒಳ್ಳೇ ರಾಜರ ಮಕ್ಕಳು ಆದ ಹಾಗೆ. ಜಾಮ್ ಫಿರೋಜ್ ಚಿಕ್ಕ ವಯಸ್ಸಲ್ಲಿ ಪಟ್ಟಕ್ಕೆ ಬಂದ, ದಾಯಾದಿ ಸಲಾಹುದ್ದೀನ್ ಜೊತೆ ಜಗಳ. ಅಪ್ಪನ ಕಾಲದ ಸೇನಾಪತಿ ದೂಲಹ ದರಿಯಾ ಖಾನ್ ರಾಜ್ಯ ಹಿಡಿದು ನಿಲ್ಲಿಸಿದ್ದ. ಅತ್ತ ಬಾಬರ್ ಕಂದಹಾರಕ್ಕೆ ಕಣ್ಣು ಹಾಕಿದ್ದರಿಂದ ಅಲ್ಲಿನ ದೊರೆ ಶಾ ಬೇಗ್ ಅರ್ಘೂನ್ ಬೇರೆ ನೆಲೆ ಹುಡುಕ್ತಾ ಸಿಂಧ್‌ಗೆ ನುಗ್ಗಿದ. 1520ರ ಹೊತ್ತಿಗೆ ದರಿಯಾ ಖಾನ್ ಹೋರಾಡ್ತಾ ಸತ್ತ, ಥಟ್ಟಾ ಲೂಟಿ ಆಯ್ತು. ಫಿರೋಜ್ ಕೊನೆಗೆ ಗುಜರಾತಿಗೆ ಓಡಿದ. ಅಲ್ಲಿಗೆ ಸಿಂಧ್‌ನ ಸಮ್ಮಾ ರಾಜ್ಯ ಫಿನಿಶ್.

ಗಂಡಭೇರುಂಡ_77
ಮತ್ತೆ ಕಛ್ ಕಡೆಯವರು? ನನ್ನ ಪ್ರಶ್ನೆ ಶುರುವಾಗಿದ್ದೇ ಅಲ್ಲಿಂದ.

ಯದುನಂದನ_ಮೈಸೂರು
ಅದನ್ನ ನಾನು ಹೇಳ್ತೀನಿ. ಸಿಂಧ್‌ನಿಂದ ಕಛ್‌ಗೆ ಸಮ್ಮಾಗಳು ಅಲೆ ಅಲೆಯಾಗಿ ಬಂದ್ರು. ಮೋಡ್, ಮನಾಯಿ ಅನ್ನೋ ಅಣ್ಣತಮ್ಮಂದಿರ ಹೆಸರು ಮೊದಲು ಬರತ್ತೆ. ಆಮೇಲೆ ಜಾಡಾ ಅನ್ನೋನ ದತ್ತುಮಗ ಲಾಖೋ, ಅವನಿಂದ ಜಡೇಜಾ ಅನ್ನೋ ಹೆಸರು. 16ನೇ ಶತಮಾನದಲ್ಲಿ ಮನೆಯೊಳಗೇ ರಕ್ತ ಹರೀತು. ಜಾಮ್ ರಾವಲ್ ಮೋಸದಿಂದ ಹಮೀರ್‌ಜಿನ ಕೊಲ್ಲಿಸಿದ, ಹಮೀರ್‌ಜಿ ಮಗ ಖೇಂಗಾರ್‌ಜಿ ತಿರುಗಿ ಬಂದು ರಾವಲ್‌ನನ್ನ ಕಛ್‌ನಿಂದ ಓಡಿಸಿ, ಆಮೇಲೆ 1549ರಲ್ಲಿ ಭುಜ್‌ನ ರಾಜಧಾನಿ ಮಾಡ್ಕೊಂಡ. ಓಡಿದ ರಾವಲ್ ಕೊಲ್ಲಿ ಆಚೆ ಹೋಗಿ 1540ರಲ್ಲಿ ನವಾನಗರ ಕಟ್ಟಿದ, ಅದೇ ಈಗಿನ ಜಾಮ್‌ನಗರ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಅನಾಥ ಮಕ್ಕಳಿಗೆ ಬಾಲಾಚಡಿಯಲ್ಲಿ ಜಾಗ ಕೊಟ್ಟ ದಿಗ್ವಿಜಯ್‌ಸಿನ್ಹ್‌ಜಿ ಇದೇ ಮನೆತನ. ಇಂಥಾ ಕುಲನ "ಅಂಚಿನ ಜನ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ ಅನ್ನೋದು ನನ್ನ ವಿನಂತಿ.

ಬನಶಂಕರಿ_ಅಕ್ಕ
ಪೋಲೆಂಡ್ ಮಕ್ಕಳ ವಿಷಯ ಹೇಳಿದ್ರಿ, ಸಂತೋಷ. ಹಾಗಾದ್ರೆ ಅವರ ಸ್ವಂತ ಹೆಣ್ಣುಮಕ್ಕಳ ವಿಷಯನೂ ಹೇಳಿ. ಜಡೇಜಾ ಮನೆಗಳಲ್ಲಿ ಹುಟ್ಟಿದ ಹೆಣ್ಣು ಕೂಸನ್ನ ಕೊಲ್ಲೋ ಪದ್ಧತಿ ಎಷ್ಟು ಬೇರೂರಿತ್ತು ಅಂದ್ರೆ 1808ರಲ್ಲಿ ಬ್ರಿಟಿಷ್ ಅಧಿಕಾರಿ ಕರ್ನಲ್ ವಾಕರ್ ಕಾಠಿಯಾವಾಡದ ಸರದಾರರ ಕೈಲಿ ನಿಲ್ಲಿಸ್ತೀವಿ ಅಂತ ಬರೆಸ್ಕೊಬೇಕಾಯ್ತು. ಬರೆದುಕೊಟ್ಟ ಮೇಲೂ ಸುಲಭಕ್ಕೆ ನಿಲ್ಲಲಿಲ್ಲ. ಕಾರಣ ಏನು? ನಮ್ಮ ಮಟ್ಟದ ಮನೆತನದ ವರ ಸಿಗಲ್ಲ, ಕೆಳಗಿನವರಿಗೆ ಕೊಟ್ರೆ ಮರ್ಯಾದೆ ಹೋಗತ್ತೆ, ವರದಕ್ಷಿಣೆ ಕೊಡೋಕಾಗಲ್ಲ. ನೀವೆಲ್ಲಾ ಮೇಲಿಂದ ಚರ್ಚೆ ಮಾಡ್ತಿರೋ ಈ ವಂಶಾವಳಿ ಹೆಮ್ಮೆಗೆ ಬೆಲೆ ಕಟ್ಟಿದ್ದು ಆ ಕೂಸುಗಳು. ಒಬ್ಬ ತಮಾಚಿ ಬೆಸ್ತರ ಹುಡುಗಿನ ರಾಣಿ ಮಾಡಿದ ಕುಲ ಇದೇ ತಾನೇ?

ಯದುನಂದನ_ಮೈಸೂರು
ಅಕ್ಕಾ ಇದಕ್ಕೆ ನಾನು ವಾದ ಮಾಡಲ್ಲ.

ಪುಸ್ತಕದ_ಹುಳು
ಸಂಬಂಧಗಳ ಸಿಕ್ಕು ಇನ್ನೊಂದು ಕೇಳಿ. 1472ರಲ್ಲಿ ಜುನಾಗಢದ ಚುಡಾಸಮಾ ರಾಜ ರಾ ಮಂಡಲಿಕನ್ನ ಸೋಲಿಸಿದ್ದು ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾ. ಆ ಬೇಗಡಾ ತಾಯಿ ಬೀಬಿ ಮುಘಲಿ ಥಟ್ಟಾದ ಜಾಮ್ ಮಗಳು ಅಂತ ಗುಜರಾತಿನ ಇತಿಹಾಸದಲ್ಲಿದೆ. ಅಂದ್ರೆ ತಾಯಿ ಕಡೆಯ ಕುಲದವರನ್ನೇ ಮಣಿಸಿದ.

ದಾಸರಹಳ್ಳಿ_ದಾಂಡಿಗ
ಇಷ್ಟೆಲ್ಲಾ ಹೇಳಿ ರಣಜಿ ಬಿಟ್ರಲ್ಲ ಗುರು! ರಣಜಿತ್‌ಸಿನ್ಹ್‌ಜಿ 1907ರಲ್ಲಿ ನವಾನಗರದ ಜಾಮ್ ಸಾಹೇಬ್ ಆದವನು. ಅಂದ್ರೆ ನಾವು 8 ಸಲ ಗೆದ್ದಿರೋ ಟ್ರೋಫಿ ಮೇಲೆ ಇರೋದು ಒಬ್ಬ ಸಮ್ಮಾ ಹೆಸರು 🏏

ಕಾಫಿಪುಡಿ
ಅದೇ ಸಮ್ಮಾಗಳ ಊರಿನ ಸೌರಾಷ್ಟ್ರ ಟೀಮು 2019ರಲ್ಲೂ 2023ರಲ್ಲೂ ಚಿನ್ನಸ್ವಾಮಿಗೇ ಬಂದು ಸೆಮಿಫೈನಲ್‌ನಲ್ಲಿ ನಮ್ಮನ್ನ ಸೋಲಿಸಿ ಹೋಯ್ತು. ಮಯಾಂಕ್ 249 ಹೊಡೆದೂ ಉಪಯೋಗ ಆಗ್ಲಿಲ್ಲ.

ದಾಸರಹಳ್ಳಿ_ದಾಂಡಿಗ
2019ರದ್ದು ನೆನಪಿಸ್ಬೇಡ. ಪೂಜಾರ ಔಟಾಗಿದ್ದ. ಔಟ್.

ಗಂಡಭೇರುಂಡ_77
ಕ್ರಿಕೆಟ್ ಬೇರೆ ಕಡೆ ಮಾಡ್ರಪ್ಪಾ. ಕೊನೇ ಪ್ರಶ್ನೆ: ಈಗ ಸಮ್ಮಾ ಅಂತಲೇ ಕರ್ಕೊಳ್ಳೋ ಜನ ಭಾರತದಲ್ಲಿ ಇದ್ದಾರಾ, ಅಥವಾ ಎಲ್ಲಾ ಜಡೇಜಾ ಆಗಿಬಿಟ್ರಾ?

ಸಾಯಿಭಾಜಿ_ಬೆಂಗಳೂರು
ಇದ್ದಾರೆ. ಕಛ್‌ನ ಉತ್ತರಕ್ಕೆ ಬನ್ನಿ ಹುಲ್ಲುಗಾವಲು, ಖಾವ್ಡಾ ಕಡೆ ಮುಸ್ಲಿಂ ಸಮ್ಮಾ ಕುಟುಂಬಗಳಿವೆ, ಎಮ್ಮೆ ದನ ಸಾಕೋ ಮಾಲ್ಧಾರಿಗಳು. ಪಕ್ಕದಲ್ಲೇ ಜತ್, ಮುತ್ವಾ, ಹಾಲೇಪೋತ್ರಾ ಕುಲಗಳು. ಮಾತಾಡೋದು ಕಛ್ಛಿ, ನಮ್ಮ ಸಿಂಧಿಗೆ ತೀರಾ ಹತ್ತಿರ, ನನಗೆ ಮುಕ್ಕಾಲು ಭಾಗ ಅರ್ಥ ಆಗತ್ತೆ. ಗಡಿ ಬೀಳೋ ಮುಂಚೆ ಅವರ ದನ ಮೇಯೋಕೆ ಸಿಂಧ್‌ವರೆಗೂ ಹೋಗ್ತಿದ್ವು, ಸಂಬಂಧಗಳೂ ಆ ಕಡೆ ಇದ್ವು. ಬಿಳಿ ಮರಳು ನೋಡೋಕೆ ಧೋರ್ಡೋಗೆ ಹೋಗೋರು ಬನ್ನಿ ದಾಟಿಕೊಂಡೇ ಹೋಗ್ಬೇಕು, ಬನ್ನಿ ಎಮ್ಮೆ ಹಾಲಿನ ಮಾವಾ ಸಿಕ್ರೆ ಬಿಡ್ಬೇಡಿ.

ಮಾಣಿ_ಕುಂದಾಪ್ರ
ಬಿಳಿ ಮರಳಲ್ಲ ಮಾರಾಯ್ರೆ, ಉಪ್ಪು ಅದು. ಫಿರೋಜ್ ಶಾನ ಕೇಳಿ ಬೇಕಾದ್ರೆ.